ಹೆಚ್ಚು ಓದಿದವಳು

ಹೆಣ್ಣು ನೋಡಲು ಹೋದ ದಿನ ಅವಳ ತಾಯಿ ನನ್ನನ್ನು ಅಂಗಳದ ತುದಿಗೆ ಕರೆದುಕೊಂಡು ಹೋದರು. ಮಗಳಿಗೆ ಯಾವುದೋ ಕಾಯಿಲೆ ಇದೆಯೆಂದು ಹೇಳುವವರ ಹಾಗೆ ದನಿ ತಗ್ಗಿಸಿದರು.

"ನೋಡು ಪುತಾ, ಮೊದಲೇ ಹೇಳಿಬಿಡ್ತೇನೆ. ಅವಳು ಸ್ವಲ್ಪ ಜಾಸ್ತಿ ಓದಿದ್ದಾಳೆ."

ನಮ್ಮ ಕೊಂಕಣಿಯಲ್ಲಿ ಪುತಾ ಎಂದರೆ ಮಗನೇ. ಮದುವೆ ಗೊತ್ತಾಗುವ ಮೊದಲೇ ಅವರು ನನ್ನನ್ನು ಹಾಗೆ ಕರೆದದ್ದು ಪ್ರೀತಿಯಿಂದಲೋ ಹೆದರಿಕೆಯಿಂದಲೋ ನನಗೆ ತಿಳಿಯಲಿಲ್ಲ.

"ಎಷ್ಟು ಓದಿದ್ದಾರೆ?" ಎಂದೆ.

"ಕನ್ನಡದಲ್ಲಿ ಒಂದು ಎಂ.ಎ. ಇತಿಹಾಸದಲ್ಲಿ ಒಂದು. ಬಿ.ಎಡ್. ಉಂಟು. ಈಗ ಇನ್ನೂ ಎಂತದೋ ಮಾಡ್ತಾ ಇದ್ದಾಳೆ, ಪಿಎಚ್.ಡಿ. ಅಂತೆ. ಮದುವೆ ಆದ ಮೇಲೆ ನಿಲ್ಲಿಸ್ತಾಳೆ. ಅದಕ್ಕೆ ನಾನು ಜವಾಬ್ದಾರಿ."

ನಾನು ಐ.ಟಿ.ಐ. ಮುಗಿಸಿ ಪೇಟೆಯಲ್ಲಿ ಪಂಪು, ಮಿಕ್ಸಿ ರಿಪೇರಿಯ ಅಂಗಡಿ ಇಟ್ಟಿದ್ದವನು. ನನಗಿಂತ ಮೊದಲು ಬಂದವರಲ್ಲಿ ಒಬ್ಬ ಬ್ಯಾಂಕಿನವನು, ಒಬ್ಬ ಗಲ್ಫಿನಲ್ಲಿದ್ದವನು. ಹುಡುಗಿ ಚೆನ್ನಾಗಿದ್ದಾಳೆ, ಆದರೆ ಇಷ್ಟು ಓದಿದವಳು ಮನೆಯಲ್ಲಿ ಮಾತು ಕೇಳುವವಳಲ್ಲ ಎಂದು ಇಬ್ಬರ ಮನೆಯಿಂದಲೂ ಉತ್ತರ ಬಂದಿತ್ತಂತೆ. ಹೀಗೆ ನನ್ನ ಸರದಿ ಬಂದಾಗ ಅವಳಿಗೆ ಮೂವತ್ತು ದಾಟಿತ್ತು.

ನಮ್ಮಿಬ್ಬರನ್ನೇ ಮಾತಾಡಲು ಬಿಟ್ಟಾಗ ಅವಳು ನೇರವಾಗಿ ಕೇಳಿದಳು: "ಓದಿದವರೆಂದರೆ ನಿಮಗೆ ಹೆದರಿಕೆ ಉಂಟಾ?"

"ನನಗೆ ಕರೆಂಟಿನ ಹೆದರಿಕೆಯೇ ಇಲ್ಲ" ಎಂದೆ.

ಅವಳು ನಕ್ಕಳು. ಆ ನಗುವಿಗೇ ನಾನು ಒಪ್ಪಿದ್ದು.

ಮದುವೆಯಾದ ಮೇಲೆ ಅವಳು ಓದು ನಿಲ್ಲಿಸಲಿಲ್ಲ. ನಿಲ್ಲಿಸಲು ನಾನೂ ಹೇಳಲಿಲ್ಲ. ಬೆಳಿಗ್ಗೆ ಬೈಕಿನಲ್ಲಿ ಬಸ್ಸಿನವರೆಗೆ ಬಿಡುತ್ತಿದ್ದೆ. ಸಂಜೆ ನಾನು ಮನೆಗೆ ತಂದ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತ ಕೂತರೆ, ಅವಳು ಅಂದು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು. ಎಲ್ಲಿ ನನಗೆ ಅರ್ಥವಾಗುತ್ತಿರಲಿಲ್ಲವೋ ಅಲ್ಲಿ ಗೆರೆ ಎಳೆದು ತಿದ್ದುತ್ತಿದ್ದಳು. "ನಿಮಗೆ ತಿಳಿಯದಿದ್ದರೆ ತಪ್ಪು ನನ್ನದು" ಎನ್ನುತ್ತಿದ್ದಳು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಈಗ ಈ ಪುಟಗಳಲ್ಲಿ ಬರುತ್ತಿರುವ ಕನ್ನಡ ಆ ಸಂಜೆಗಳಲ್ಲಿ ನನ್ನ ಕಿವಿಗೆ ಬಿದ್ದದ್ದು.

ಪಿಎಚ್.ಡಿ. ಸಿಕ್ಕಿದ ವರ್ಷ ನಾನು ಇಡೀ ಪೇಟೆಗೆ ಲಾಡು ಹಂಚಿದೆ. ಲಾಡು ತಿಂದವರೇ ಮರುದಿನದಿಂದ ತಮಾಷೆ ಶುರು ಮಾಡಿದರು.

"ಮನೆಯಲ್ಲಿ ಮಾತಾಡ್ಲಿಕ್ಕೆ ಅಪಾಯಿಂಟ್ಮೆಂಟ್ ತಗೊಳ್ಬೇಕಾ ಮಾರಾಯ?" ಎಂದು ಒಬ್ಬ. ಯಾರದೋ ಮದುವೆಯ ಊಟದಲ್ಲಿ ಪರಿಚಯದ ಹಿರಿಯರೊಬ್ಬರು ಎಲ್ಲರೆದುರು ಮೊಣಕಾಲು ಚಾಚಿ, "ಡಾಕ್ಟ್ರೇ, ಈ ನೋವಿಗೆ ಎಂತ ಮದ್ದು?" ಎಂದರು. ಸುತ್ತ ಕೂತವರೆಲ್ಲ ನಕ್ಕರು. ಅವಳೂ ನಕ್ಕಳು. ಮೊದಮೊದಲು ಅವಳು ನಿಜವಾಗಿಯೇ ನಗುತ್ತಿದ್ದಳು.

ನಮಗೆ ಮಕ್ಕಳಾಗಲಿಲ್ಲ. ಪರೀಕ್ಷೆ ಮಾಡಿಸಿದಾಗ ತೊಂದರೆ ನನ್ನಲ್ಲಿ ಎಂದು ಗೊತ್ತಾಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ನಾನು ಹೇಳಹೊರಟಾಗ ನನ್ನ ಬಾಯಿ ಮುಚ್ಚಿಸಿದಳು. ಒಂದು ದಿನ ನನ್ನ ಸೋದರತ್ತೆ ನಮ್ಮ ಅಡುಗೆಮನೆಯಲ್ಲಿ ಕೂತು, "ಓದಿ ಓದಿ ಹೊಟ್ಟೆ ಒಣಗಿಹೋಗಿದೆ, ಇನ್ನು ಎಲ್ಲಿಂದ ಮಕ್ಕಳು?" ಎಂದರು. ಅವಳು ಅವರಿಗೆ ಚಹಾ ಸೋಸುತ್ತಿದ್ದಳು. ಸೋಸಿ ಮುಗಿಸಿ, ಸಕ್ಕರೆ ಸಾಕಾ ಎಂದು ಕೇಳಿ ಕೊಟ್ಟಳು.

ಕೆಲಸದ ಕಥೆ ಇನ್ನೊಂದು. ಸರಕಾರಿ ಹುದ್ದೆಗೆ ಅರ್ಜಿ ಹಾಕುವ ವಯಸ್ಸು ಓದಿನಲ್ಲೇ ಕಳೆದಿತ್ತು. ಅಲ್ಲಿ ಇಲ್ಲಿ ಗೆಸ್ಟ್ ಆಗಿ ಪಾಠ ಮಾಡಿದಳು. ಒಂದು ಕಡೆ ಇಂಟರ್‌ವ್ಯೂನಲ್ಲಿ ಕೂತವರು ಅವಳ ಸರ್ಟಿಫಿಕೇಟುಗಳನ್ನು ಮಗುಚಿ ನೋಡಿ, "ಇಷ್ಟೆಲ್ಲ ಯಾಕೆ? ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲವಾ?" ಎಂದರಂತೆ. ಮತ್ತೊಂದು ಕಡೆ, "ನೀವು ಇಲ್ಲಿ ನಿಲ್ಲುವವರಲ್ಲ, ಒಳ್ಳೇದು ಸಿಕ್ಕಿದ ಕೂಡಲೇ ಹೋಗ್ತೀರಿ" ಎಂದರು. ಆ ಒಳ್ಳೆಯದು ಎಲ್ಲಿದೆ ಎಂದು ಅವರೂ ಹೇಳಲಿಲ್ಲ.

ಆ ದಿನ ಇಂಟರ್‌ವ್ಯೂ ಮುಗಿಸಿ ವಿದ್ಯಾನಗರದಿಂದ ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಹೊರಗೆ ನೋಡುತ್ತ, "ಮುಂದಿನ ಕಡೆ ನಾನು ಬಿ.ಎ., ಬಿ.ಎಡ್. ಮಾತ್ರ ಅಂತ ಹೇಳ್ತೇನೆ" ಎಂದಳು.

"ಉಳಿದದ್ದು?"

"ಉಳಿದದ್ದು ಮನೆಯಲ್ಲಿರಲಿ."

ಎಣ್ಮಕಜೆಯ ಕಡೆ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಗೇರುತೋಟಗಳ ನಡುವೆ ಮಣ್ಣಿನ ದಾರಿ, ಬಸ್ಸಿಳಿದು ಏರು ಹತ್ತಬೇಕು. ನನ್ನ ಸಂಸಾರದಲ್ಲಿ ಅತ್ಯಂತ ಸುಖದ ಕಾಲ ಯಾವುದೆಂದು ಯಾರಾದರೂ ಕೇಳಿದರೆ ಅದೇ ಎನ್ನುತ್ತೇನೆ. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಮಾತು ಶುರು. ಮನೆಯಲ್ಲಿ ತುಳು ಆಡುವ ಒಂದು ಹುಡುಗಿ ಕನ್ನಡದಲ್ಲಿ ಮೊದಲ ಪ್ರಬಂಧ ಬರೆದಳಂತೆ, ಬ್ಯಾರಿ ಮಾತಾಡುವ ಇನ್ನೊಬ್ಬಳು ಮಹಾಪ್ರಾಣ ಉಚ್ಚರಿಸಲು ಕಲಿತು ಇಡೀ ದಿನ ಎಲ್ಲರಿಗೂ ಹೇಳಿ ತೋರಿಸಿದಳಂತೆ. ಮಾಡಿದ ಮೀನುಸಾರು ತಣ್ಣಗಾಗುತ್ತಿತ್ತು. ಅಲ್ಲಿ ಅವಳು ಬರೀ ಟೀಚರ್. ಯಾರೂ ಮೊಣಕಾಲು ತೋರಿಸುತ್ತಿರಲಿಲ್ಲ.

ಎರಡನೆಯ ವರ್ಷ ಎಡನೀರಿನಲ್ಲಿ ಒಂದು ಕನ್ನಡ ಕಾರ್ಯಕ್ರಮವಿತ್ತು. ಹಿಂದೆ ಅವಳಿಗೆ ಪಾಠ ಮಾಡಿದ ಮೇಷ್ಟ್ರು ಮಾತಾಡಲು ಕರೆದಿದ್ದರು. ಅವರ ಮಾತು ತೆಗೆದುಹಾಕಲಾಗದೆ ಒಪ್ಪಿದಳು. ನಾನು ಅಂಗಡಿಗೆ ಬಾಗಿಲು ಹಾಕಿ ಜೊತೆಗೆ ಹೋದೆ. ವೇದಿಕೆಯಲ್ಲಿ ಮೇಷ್ಟ್ರು ಅಭಿಮಾನದಿಂದ ಅವಳ ಪರಿಚಯ ಮಾಡಿದರು. ಎಂ.ಎ.ಗಳು, ಪಿಎಚ್.ಡಿ., ಒಂದೂ ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತ್ತು. ಅವಳು ಮಾತ್ರ ಮುಂದಿನ ಸಾಲಿನ ಒಬ್ಬರನ್ನೇ ನೋಡುತ್ತಿದ್ದಳು. ಅವರು ಅವಳ ಶಾಲೆಯ ಮ್ಯಾನೇಜರು ಎಂದು ನನಗೆ ತಿಳಿದದ್ದು ಆಮೇಲೆ.

ಮ್ಯಾನೇಜರು ಕೆಟ್ಟವರಲ್ಲ. ಮರುದಿನ ಅವಳನ್ನು ಕರೆದು ಕೂರಿಸಿ, ತಾವೇ ತಪ್ಪು ಮಾಡಿದವರ ಹಾಗೆ ಮಾತಾಡಿದರಂತೆ. "ಟೀಚರೇ, ನೀವು ಹೇಳಬೇಕಿತ್ತು. ನಮ್ಮ ಹೆಡ್ಮಾಸ್ಟ್ರು ಡಿಗ್ರಿಯವರು. ನಿಮಗೆ ಅವರು ಎಂತ ಹೇಳುವುದು? ಇನ್ನು ಊರಿನವರು, ಇಷ್ಟು ಓದಿದವರನ್ನು ಇಲ್ಲಿಟ್ಟು ಚಾಕರಿ ಮಾಡಿಸ್ತಾರೆ ಅಂತ ನಮ್ಮನ್ನು ಬಯ್ತಾರೆ. ನಿಮಗೆ ಇದು ಸಣ್ಣ ಜಾಗ ಆಯಿತು."

"ನನಗೆ ಈ ಜಾಗ ಸಾಕು ಸರ್" ಎಂದಳಂತೆ ಅವಳು.

"ನಿಮಗೆ ಸಾಕು. ನಮಗೆ ಆಗುವುದಿಲ್ಲ."

ವರ್ಷ ಮುಗಿಯುವವರೆಗೆ ಇರಲೂ ಬಿಡಲಿಲ್ಲ. ಮಕ್ಕಳಿಗೆ ಒಂದು ಮಾತು ಹೇಳಿ ಬರುತ್ತೇನೆ ಎಂದದ್ದಕ್ಕೆ, ಸುಮ್ಮನೆ ಅಳ್ತಾರೆ, ಬೇಡ ಎಂದರಂತೆ.

ಅಂದಿನಿಂದ ಅವಳು ಸಂಜೆ ಓದುವುದನ್ನು ನಿಲ್ಲಿಸಿದಳು. ಜಗಳವಿಲ್ಲ, ಅಳುವಿಲ್ಲ. ನಾನು ತಂತಿ ಸುತ್ತುವಾಗ ಎದುರಿಗೆ ಬಂದು ಕೂರುವಳು, ಅಷ್ಟೆ. ಮನೆಯಲ್ಲಿ ಒಬ್ಬಳೇ ಇರುವುದು ಬೇಡವೆಂದು ಅಂಗಡಿಗೆ ಕರೆದುಕೊಂಡು ಹೋಗತೊಡಗಿದೆ. ಮಿಕ್ಸಿ ತಂದ ಹೆಂಗಸೊಬ್ಬಳು ಒಮ್ಮೆ ಮಾತಿನ ನಡುವೆ, "ನೀವು ಎಲ್ಲಿಯವರೆಗೆ ಓದಿದ್ದು?" ಎಂದು ಕೇಳಿದಳು.

"ಎಸ್ಸೆಸ್ಸೆಲ್ಸಿ" ಎಂದಳು ನನ್ನ ಹೆಂಡತಿ.

ಆ ಹೆಂಗಸು ಅವಳ ಪಕ್ಕ ಸ್ಟೂಲು ಎಳೆದು ಕೂತು, ತನ್ನ ಅತ್ತೆಯ ಕಾಟ, ಮಗಳ ಶಾಲೆ, ಎಲ್ಲ ಹೇಳಿಕೊಂಡಳು. ಹೋಗುವಾಗ ನನ್ನ ಹೆಂಡತಿಯ ಕೈ ಹಿಡಿದಳು. ಆಕೆ ಹೋದ ಮೇಲೆ, ಯಾಕೆ ಹಾಗೆ ಹೇಳಿದ್ದು ಎಂದು ನಾನು ಕೇಳಿದೆ.

"ನಿಜ ಹೇಳಿದ್ದರೆ ಅವಳು ಕೂರುತ್ತಿರಲಿಲ್ಲ" ಎಂದಳು.

ಆ ಮಳೆಗಾಲದ ಕೊನೆಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಎಂದುಕೊಂಡು ತಡಮಾಡಿದೆವು. ಮಂಗಳೂರಿನ ಆಸ್ಪತ್ರೆಯಲ್ಲಿ ತೋರಿಸುವ ಹೊತ್ತಿಗೆ ರೋಗ ಲಿವರಿಗೂ ಹರಡಿತ್ತು. ವಾರ್ಡಿನಲ್ಲಿ ಎಳೆಯ ಡಾಕ್ಟರೊಬ್ಬ ಸರಳ ಮಾತಿನಲ್ಲಿ, ಕೈಸನ್ನೆ ಮಾಡಿ, ಸಣ್ಣ ಮಗುವಿಗೆ ಹೇಳುವಂತೆ ಅವಳಿಗೆ ವಿವರಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಅವಳು ಪಿಎಚ್.ಡಿ. ಮಾಡಿದವಳು ಸರ್, ನೀವು ಸರಿಯಾಗಿಯೇ ಹೇಳಿ" ಎಂದೆ.

ಆತ ನಕ್ಕು, "ಓ, ಆ ಡಾಕ್ಟರಾ!" ಎಂದ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಹೊದಿಕೆಯ ಕೆಳಗೆ ಅವಳ ಕೈ ನನ್ನ ಬೆರಳುಗಳನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ, ಆಮೇಲೆ ನಾನು ಯಾರಿಗೂ ಆ ಮಾತು ಹೇಳಲಿಲ್ಲ.

ಕ್ರಿಸ್ಮಸ್ಸಿಗೆ ಮೊದಲೇ ಅವಳು ಹೋದಳು.

ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಅಂಗಳದಲ್ಲಿ ಸೇರಿದ ಜನರ ಮಾತು ನನ್ನ ಕಿವಿಗೆ ಬೀಳುತ್ತಲೇ ಇತ್ತು. "ಪಾಪ, ಇಷ್ಟೆಲ್ಲ ಓದಿ ಎಂತ ಸಿಕ್ಕಿತು?" ಒಬ್ಬರಲ್ಲ, ಹಲವರು ಅದನ್ನೇ ಹೇಳಿದರು. ಮರುಕದಿಂದಲೇ ಹೇಳಿದರು. ಅವಳಿಗೆ ಏನು ಸಿಕ್ಕಿತೆಂದು ನನಗೆ ಗೊತ್ತಿತ್ತು. ತನಗೆ ತಿಳಿದದ್ದನ್ನು ಹೇಳುವಾಗ ಅವಳ ಮುಖ ಹೇಗಿರುತ್ತಿತ್ತು ಎಂದು ನಾನು ಕಂಡಿದ್ದೆ. ಆದರೆ ಶವಪೆಟ್ಟಿಗೆಯ ಪಕ್ಕ ನಿಂತು ಅದನ್ನು ಯಾರಿಗೆ ಹೇಳುವುದು?

ಸಮಾಧಿಗೆ ಕಲ್ಲು ಹಾಕಿಸುವ ಹೊತ್ತಿಗೆ ಅವಳ ತಮ್ಮ, "ಬರೀ ಹೆಸರು ಸಾಕು ಭಾವ. ಡಾಕ್ಟರ್ ಅಂತ ಎಲ್ಲ ಹಾಕಿದರೆ ಅಲ್ಲಿಯೂ ಜನ ತಮಾಷೆ ಮಾಡ್ತಾರೆ" ಎಂದ. ಅವನದ್ದೂ ಅಕ್ಕನ ಮೇಲಿನ ಪ್ರೀತಿಯೇ. ಮೂಲೆಯಲ್ಲಿ ಜಪಸರ ಹಿಡಿದಿದ್ದ ಅವಳ ತಾಯಿ, ನನ್ನ ಅತ್ತೆ, ಎದ್ದು ಬಂದರು.

"ಹಾಕು ಪುತಾ" ಎಂದರು. "ತಮಾಷೆ ಮಾಡುವವರು ಮಾಡಲಿ. ಅವಳಿಗೆ ಇನ್ನು ಕೇಳುವುದಿಲ್ಲವಲ್ಲ."

ಕಲ್ಲು ನಿಲ್ಲಿಸಿದ ದಿನ ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಅಕ್ಷರಗಳ ಮೇಲೆ ಬೆರಳಾಡಿಸಿದರು, ಮೊಂಬತ್ತಿ ಹಚ್ಚಿದರು, ತುಂಬ ಹೊತ್ತು ಪ್ರಾರ್ಥಿಸಿದರು. ವಾಪಸು ಬರುವಾಗ ದಾರಿಯಲ್ಲಿ ಕೇಳಿದರು:

"ಅವಳು ಅಷ್ಟು ವರ್ಷ ಕೂತು ಬರೆದದ್ದು ಎಂತದರ ಬಗ್ಗೆ ಪುತಾ?"

"ನಿಮಗೆ ಗೊತ್ತಿಲ್ಲವಾ ಮಾಂಯ್?"

"ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ನಾನು ಹೇಳಿದೆ. ಈ ಜಿಲ್ಲೆಯ ಹೆಂಗಸರು ಅಡುಗೆಮನೆಯಲ್ಲಿ ಬಳಸುವ ಮಾತುಗಳ ಬಗ್ಗೆ. ಒಂದೇ ಸೌಟಿಗೆ, ಒಂದೇ ಮಡಕೆಗೆ ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿಯಲ್ಲಿ, ಮಲಯಾಳದಲ್ಲಿ, ನಮ್ಮ ಕೊಂಕಣಿಯಲ್ಲಿ ಎಂತೆಂತ ಹೆಸರು, ಯಾವ ಮನೆಯ ಮಾತು ಯಾವ ಮನೆಗೆ ಹೋಯಿತು ಎಂದು. ಹೆಂಗಸರ ಬಾಯಿಂದ ಕೇಳಿಯೇ ಬರೆದದ್ದು ಎಂದೆ.

ಅತ್ತೆ ನನ್ನ ತೋಳು ಹಿಡಿದರು.

"ಹಾಗಾದರೆ ಅದಕ್ಕಾ ಅವಳು ನಾನು ಮಸಾಲೆ ಅರೆಯುವಾಗೆಲ್ಲ ಬಂದು ಪಕ್ಕದಲ್ಲಿ ಕೂರುತ್ತಿದ್ದದ್ದು? ಇದಕ್ಕೆ ನಿಮ್ಮ ಅಮ್ಮ ಎಂತ ಹೇಳ್ತಿದ್ದರು, ಅಜ್ಜಿ ಎಂತ ಹೇಳ್ತಿದ್ದರು ಅಂತ ಕೇಳುತ್ತಿದ್ದದ್ದು?"

"ಹೌದು ಮಾಂಯ್."

"ಹೆಸರು ಕೇಳಿ ಎಂತ ಮಾಡ್ತಿ, ಅಡುಗೆ ಕಲಿ, ಗಂಡು ಸಿಗುವುದು ಅದರಿಂದ ಅಂತ ನಾನು ಬಯ್ದು ಎಬ್ಬಿಸ್ತಿದ್ದೆ" ಎಂದರು. "ಎಷ್ಟು ಸಲ ಎಬ್ಬಿಸಿದ್ದೇನೆ. ಅವಳು ಮತ್ತೆ ಬಂದು ಕೂರುತ್ತಿದ್ದಳು."

ಸೆರಗು ಬಾಯಿಗೆ ಒತ್ತಿಕೊಂಡು ಅವರು ಅಳತೊಡಗಿದರು. ಮಗಳ ಶವದ ಮುಂದೆಯೂ ಅವರು ಹಾಗೆ ಅತ್ತಿರಲಿಲ್ಲ. ಆಟೋದವನು ಕನ್ನಡಿಯಲ್ಲಿ ನೋಡಿ, ನಿಲ್ಲಿಸಬೇಕಾ ಎಂದು ಕೇಳಿದ. ಬೇಡ, ಹೋಗು ಎಂದೆ. ಮನೆ ಬಂದರೂ ಅವರು ಇಳಿಯಲಿಲ್ಲ. ನಾನೂ ಅವರ ಪಕ್ಕದಲ್ಲಿ ಹಾಗೆಯೇ ಕೂತಿದ್ದೆ.