ಹಬೆಯಲ್ಲಿ ಕಾಣುವ ಅಕ್ಷರ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಈಗ ಮೊಬೈಲ್‌ನಲ್ಲಿ ಬರೆಯುತ್ತೇನೆ. ಬರಹ ಪ್ರಕಟಿಸುವ ಆ್ಯಪ್‌ನಲ್ಲಿ ಅಕ್ಷರದ ಅಳತೆ, ಬಣ್ಣ, ಹಿಂದಿನ ಚಿತ್ರ ಎಲ್ಲವನ್ನೂ ಬರೆದವರೇ ಆರಿಸಬಹುದೆಂದು ಗೊತ್ತಾಯಿತು. ಮಾವನವರು ನನಗೆ ರೇಷ್ಮೆ ನೂಲು ತೆಗೆಯಲು ಕಲಿಸಿದ್ದನ್ನು ಆಗಷ್ಟೇ ಬರೆದಿದ್ದೆ. ಅದಕ್ಕೆ ಗುಲಾಬಿ ಹೂವಿನ ಚಿತ್ರ ಹಾಕಿ, ಬಂಗಾರದ ಬಣ್ಣದ ಅಕ್ಷರ ಕೊಟ್ಟೆ. ನನ್ನ ಬರಹ ಯಾರದ್ದಕ್ಕಿಂತಲೂ ಕಡಿಮೆ ಕಾಣಬಾರದೆಂಬ ಹಟ ನನ್ನದು.

ವಿಜಯಪುರದ ನಮ್ಮ ಶೆಡ್ಡಿನಲ್ಲಿ ಹೆಂಡತಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ನೂಲು ತೆಗೆಯುತ್ತಿದ್ದಳು. ನಾನು ಬರೆದ ಒಂದನ್ನೂ ಅವಳು ಓದಿರಲಿಲ್ಲ. ಅವಳಪ್ಪನ ವಿಷಯವನ್ನಾದರೂ ಓದಲಿ ಎಂದು ಮೊಬೈಲನ್ನು ಅವಳೆದುರು ಒರಗಿಸಿಟ್ಟೆ.

"ಇದೇನ್ರೀ, ಕಥೆನೋ ಮದ್ವೆ ಕಾರ್ಡೋ? ಈ ಹಬೇಲಿ ಒಂದಕ್ಷರಾನೂ ಕಾಣ್ತಿಲ್ಲ!"

ಸಿಟ್ಟು ಬಂತು. ಆದರೂ ಹೂವು ತೆಗೆದು, ಬಿಳಿಯ ಮೇಲೆ ಕಪ್ಪಕ್ಷರ ಇಟ್ಟು, ಸಾಲಿಗೆ ಮೂರ್ನಾಲ್ಕೇ ಪದ ಹಿಡಿಯುವಷ್ಟು ದೊಡ್ಡದು ಮಾಡಿದೆ. ಅವಳು ಕೈ ನಿಲ್ಲಿಸದೆ, ತುಟಿ ಅಲ್ಲಾಡಿಸುತ್ತಾ ಓದಿದಳು. ಕಲಿಯುವಾಗ ನಾನು ಮೊದಲ ಸಲ ಎಳೆ ತುಂಡು ಮಾಡಿದ ಪ್ರಸಂಗಕ್ಕೆ ಬರುವಷ್ಟರಲ್ಲಿ ಪರದೆ ಮುಗಿಯಿತು.

"ಸುಮ್ನೆ ನಿಂತ್ಕೊಂಡ್ರೆ ಹೆಂಗೆ? ನನ್ ಕೈ ಒದ್ದೆ, ನೀವೇ ಮೇಲಕ್ಕೆ ತಳ್ರೀ. ಅಪ್ಪ ಆಮೇಲೆ ಬೈದ್ರಾ ಇಲ್ವಾ?"

ಕೊನೆಯ ಸಾಲಿನವರೆಗೂ ತಳ್ಳುತ್ತಾ ನಿಂತೆ. ಅಂದಿನಿಂದ ನನ್ನ ಎಲ್ಲ ಬರಹಕ್ಕೂ ಅದೇ ಅಕ್ಷರ.