ಡಬ್ಬಿ ಪಾಸ್ತಾದ ತನಿಖಾಧಿಕಾರಿ

ಓಹಿಯೋದ ನಮ್ಮೂರ ಚರ್ಚಿನಲ್ಲಿ ಬಡವರಿಗೆ ಹಂಚುವ ಡಬ್ಬಿ ಪಾಸ್ತಾವೆಲ್ಲ ಮೊದಲು ವಿಲ್ಮಾ ಅಜ್ಜಿಯ ಭೂತಗನ್ನಡಿಯನ್ನು ದಾಟಬೇಕು. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಅವಳು ಕೊಲೆ ಆರೋಪಿಯ ಹೇಳಿಕೆಯಂತೆ ಓದುತ್ತಾಳೆ: "ಗೋಧಿ, ಸರಿ. ಟೊಮೆಟೊ ಇದ್ದ ಮೇಲೆ ಕೆಂಪು ಬಣ್ಣ ಯಾಕಪ್ಪಾ? ಅದೇನು ಬಿಳಿಚಿಕೊಂಡಿತ್ತಾ?" ಉಪ್ಪಿನ ಪ್ರಮಾಣ ಕಂಡರಂತೂ ಎದೆ ಹಿಡಿದುಕೊಂಡು ಕುರ್ಚಿ ಕೇಳುತ್ತಾಳೆ. ಪಾದ್ರಿ ಕ್ಲೆಮೆಂಟ್, "ಅಮ್ಮಾ, ನಾನು ಇದನ್ನೇ ತಿಂದು ಬೆಳೆದಿದ್ದೀನಿ" ಎಂದರೆ, "ನಿಮ್ಮ ಪ್ರವಚನ ಕೇಳಿದಾಗಲೇ ಗೊತ್ತಾಯ್ತು ಬಿಡಿ" ಎನ್ನುತ್ತಾಳೆ. ಫೇಲಾದ ಡಬ್ಬಿಗಳನ್ನು, "ಕಸಕ್ಕೆ ಹಾಕಿದ್ರೆ ಪಾಪ ಇಲಿಗಳು ಸಾಯ್ತವೆ" ಎಂದು ತನ್ನ ಚೀಲಕ್ಕೇ ತುಂಬಿಕೊಳ್ಳುತ್ತಾಳೆ. ಹಂಚುವ ಸಾಲಿನಲ್ಲಿ ಮಾತ್ರ ಎಂದೂ ನಿಂತವಳಲ್ಲ. "ನಿಮಗೂ ಎರಡು ಇರಲಿ" ಎಂದವರ ಮೇಲೆ ಉರಿದುಬೀಳುತ್ತಾಳೆ. ಪಿಂಚಣಿ ಕರಗುವ ತಿಂಗಳ ಕೊನೆಗೆ ಅವಳ ತನಿಖೆ ಇನ್ನೂ ಬಿಗಿಯಾಗಿ, ಒಂದು ಡಬ್ಬಿಯೂ ಸುಲಭಕ್ಕೆ ಪಾಸಾಗುವುದಿಲ್ಲ. ಮೊನ್ನೆ ನಾನು ಅವಳ ಮನೆಯ ನಲ್ಲಿ ರಿಪೇರಿಗೆ ಹೋದಾಗ, ಆ ವಿಷದ ಡಬ್ಬಿಗಳೆಲ್ಲ ಖಾಲಿಯಾಗಿ, ತೊಳೆಸಿಕೊಂಡು, ಸಿಂಕಿನ ಪಕ್ಕ ಬೋರಲು ಬಿದ್ದಿದ್ದವು. ನಾನು ನಲ್ಲಿಯನ್ನಷ್ಟೇ ನೋಡಿ ಬಂದೆ. ಈಗ ಚರ್ಚಿಗೆ ಮಾಂಸದುಂಡೆ ಹಾಕಿದ ಒಳ್ಳೆಯ ಡಬ್ಬಿ ಬಂದರೆ ನಾನೇ ಅವಳ ಮುಂದೆ ತಳ್ಳುತ್ತೇನೆ: "ಅಜ್ಜೀ, ಇದ್ರಲ್ಲಿ ಏನೋ ಮೋಸ ಇದ್ದಂಗಿದೆ, ಸ್ವಲ್ಪ ನೋಡಿ."