ಗುಂಡವ್ವ ಕಿತ್ತು ನೆಟ್ಟ ಪೇರಲ ಗಿಡ

ನಾಸಿಕ್ ಬಳಿಯ ಪಿಂಪಳಗಾಂವ್ ಬಸವಂತ್ ಊರಿನ ಹೊರವಲಯದ ಬಂಗಲೆಯೊಂದರ ಹಿತ್ತಲು. ಈಗಷ್ಟೇ ಬೆಳಕು ಹರಿಯುತ್ತಿದೆ. ಸೊಂಟದಾಳದ ಗುಂಡಿಗಿಳಿದ ಗುಂಡವ್ವ, ಮಾವಿನ ಮರದ ಬೇರು ಹಿಡಿದ ಮಣ್ಣಿಗೆ ಹಸಿ ಗೋಣಿತಟ್ಟು ಸುತ್ತುತ್ತಿದ್ದಾರೆ. ಮೇಲೆ ಕ್ರೇನ್ ಚಾಲಕ ಹಾರ್ನ್ ಒತ್ತುತ್ತಾನೆ. ಅವರು ತಲೆ ಎತ್ತುವುದಿಲ್ಲ.

"ಈ ಮಣ್ಣು ಒಡೀತಂದ್ರ ಮುಗೀತ್ರಿ. ಆಮ್ಯಾಲ ಎಷ್ಟ್ ನೀರ್ ಹಾಕಿದ್ರೂ ಅದು ಬರೇ ಕಟಗಿ."

ನಲವತ್ತಾರರ ಗುಂಡವ್ವ ಅಫಜಲಪುರ ಕಡೆಯವರು. ಕಟ್ಟಡ ಕೆಲಸಕ್ಕೆಂದು ಗಂಡನ ಜೊತೆ ಸಂಭಾಜಿನಗರಕ್ಕೆ ಬಂದವರು. ಗಂಡ ತೀರಿಕೊಂಡ ಮೇಲೆ, ಬೆಳೆದ ಮರಗಳನ್ನು ಕಿತ್ತು ಬೇರೆಡೆ ನೆಡಿಸುವ ಗುತ್ತಿಗೆದಾರನ ಬಳಿ ಸೇರಿದರು. ಹನ್ನೊಂದು ವರ್ಷದಲ್ಲಿ ಅವರ ಕೈ ದಾಟಿದ್ದು ನೂರಾ ನಲವತ್ತು ಮರ. ಚಿಗುರಿದ್ದು ತೊಂಬತ್ತು. ಉಳಿದವು?

"ಹೂವಿನ ಹಾರ ಹಾಕಿ ಫೋಟೋ ತಗದ್ರು. ನೀರ್ ಯಾರೂ ಹಾಕಲಿಲ್ರಿ."

ಆ ಮರಗಳಲ್ಲಿ ಒಂದು ಅವರದೇ. ಸಂಭಾಜಿನಗರದ ಅಂಚಿನಲ್ಲಿದ್ದ ತಮ್ಮ ತಗಡಿನ ಶೆಡ್ಡಿನ ಮುಂದೆ, ಮಗಳು ರುಚಿತಾ ಹುಟ್ಟಿದ ವರ್ಷ ನೆಟ್ಟ ಪೇರಲ. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡಲು ಶೆಡ್ಡುಗಳನ್ನೆಲ್ಲ ಕೆಡವಿದರು. ಅಲ್ಲಿದ್ದವರು ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ. ಗಿಡ ಮಾತ್ರ ನಾಸಿಕ್‌ನ ಹೋಟೆಲ್ ಮಾಲೀಕರೊಬ್ಬರ ಹೊಸ ತೋಟಕ್ಕೆ ಬೇಕಾಗಿತ್ತು. ಕಿತ್ತು ಅಲ್ಲಿ ನೆಡುವ ಕೆಲಸ ಗುಂಡವ್ವನಿಗೇ ಬಂತು. ಮೊದಲು ಅರ್ಧ ಬೇರು ಕಡಿದು, ಹೊಸ ಬೇರು ಬರಲು ತಿಂಗಳು ಬಿಡಬೇಕು ಎಂದು ಕೇಳಿಕೊಂಡರು. ಗುತ್ತಿಗೆದಾರ ಕೊಟ್ಟದ್ದು ಒಂದೇ ದಿನ.

"ನಾ ಒಲ್ಲೆ ಅಂದಿದ್ರ ಜೆಸಿಬಿ ಹಚ್ಚತಿದ್ರು. ಅದಕ್ಕ ನಾನ ಹಾರಿ-ಸಲಿಕಿ ಹಿಡದೆ. ಮಗಳು ಒಂದ್ ವಾರ ನನ್ನ ಕೂಡ ಮಾತಾಡಲಿಲ್ರಿ."

ಗಿಡ ಬದುಕಿತು. ತಾಯಿ-ಮಗಳೂ ನಾಸಿಕ್‌ಗೇ ಬಂದು ಪಂಚವಟಿಯ ಬಾಡಿಗೆ ಕೋಣೆ ಸೇರಿದರು. ಕಳೆದ ತಿಂಗಳು ಪೇರಲ ಹಣ್ಣು ಬಿಟ್ಟಿದೆ ಎಂದು ಕೇಳಿ ಇಬ್ಬರೂ ನೋಡಲು ಹೋದರೆ, ಕಾವಲುಗಾರ ಗೇಟಿನಲ್ಲೇ ತಡೆದ. ಅದು ನಮ್ಮವ್ವ ಹಚ್ಚಿದ ಗಿಡ ಎಂದು ರುಚಿತಾ ಮರಾಠಿಯಲ್ಲಿ ಜಗಳಕ್ಕೆ ನಿಂತಳು. ಹಣ್ಣು ಹೋಟೆಲ್ ಗಿರಾಕಿಗಳಿಗೆ, ನಿಮಗಲ್ಲ ಎಂದನಾತ.

ಗೇಟಿನ ಸರಳುಗಳ ಸಂದಿಯಿಂದ ಗುಂಡವ್ವ ನೋಡುತ್ತಿದ್ದುದು ಹಣ್ಣನ್ನಲ್ಲ. ನೆಟ್ಟ ದಿನ ಬಿದಿರಿನ ಆಸರೆ ಕೊಟ್ಟು ತಾವೇ ಬಿಗಿದ ಹಗ್ಗವನ್ನು ಯಾರೂ ಬಿಚ್ಚಿರಲಿಲ್ಲ. ದಪ್ಪಗಾದ ಕಾಂಡದ ತೊಗಟೆಯೊಳಗೆ ಅದು ಇಳಿಯುತ್ತಿತ್ತು. ಆಮೇಲೆ ಮೂರು ಸಲ ಹೋದರು. ಮೂರು ಸಲವೂ ಗೇಟಿನಿಂದಲೇ ವಾಪಸು.

"ಸೆಣಬಿನ ಸುತಳಿ ಆಗಿದ್ರ ತಾನ ಕೊಳತ ಬೀಳತಿತ್ತು. ಅವತ್ತ ಸುತಳಿ ತೀರಿತ್ತು, ನೈಲಾನ್ ಹಗ್ಗ ಬಿಗದೆ. ತಪ್ಪು ನಂದ ಐತ್ರಿ," ಎನ್ನುತ್ತ ಗುಂಡಿಯಿಂದ ಮೇಲೆ ಬರುತ್ತಾರೆ. ಕ್ರೇನಿಗೆ ಕೈಸನ್ನೆ ಮಾಡಿ, ವರದಿಗೆಂದು ಬಂದ ನನ್ನತ್ತ ತಿರುಗುತ್ತಾರೆ.

"ಹಣ್ಣು ಅವರ ತಿನ್ಲಿ. ಪೇಪರ್‌ನಾಗ ನನ್ನ ಹೆಸರು ಬರೀದಿದ್ರೂ ನಡೀತೈತಿ. ಐದ್ ಮಿನಿಟ್ ನನ್ನ ಒಳಗ ಬಿಡಾಕ ಆ ಮಾಲೀಕರಿಗೆ ಹೇಳ್ರಿ. ಹಗ್ಗ ಕೊಯ್ದು ಬಂದ್ ಬಿಡ್ತೀನಿ."